ಕಡೆಯ ವಾಕ್ಯವನ್ನು ತೆಗೆದು ನೋಡಿ

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಎರಡು ವರ್ಷಗಳಿಂದ ಫೇಸ್‌ಬುಕ್ಕಿನ ಒಂದು ಬಳಗದಲ್ಲಿ ವಾರಕ್ಕೊಂದರಂತೆ ನೂರು ಪದಗಳ ನ್ಯಾನೋ ಕತೆ ಬರೆಯುತ್ತಿದ್ದೇನೆ. ‘ಸೂಪರ್’, ‘ಕಣ್ಣು ತುಂಬಿ ಬಂತು’ ಎಂಬ ಪ್ರತಿಕ್ರಿಯೆಗಳಿಗೆ ಕೊರತೆಯಿಲ್ಲ. ಆದರೆ ಪತ್ರಿಕೆಗಳಿಗೆ ಕಳಿಸಿದ ದೊಡ್ಡ ಕತೆಗಳು ಪ್ರಕಟವಾಗುತ್ತಿಲ್ಲ. ಪುಟ್ಟ ಕತೆಗಳಿಂದ ಬರವಣಿಗೆ ನಿಜಕ್ಕೂ ಸುಧಾರಿಸುತ್ತದೆಯೇ? ಇದು ಸಾಹಿತ್ಯವೇ ಅಲ್ಲ ಎನ್ನುವವರಿಗೆ ಏನು ಹೇಳಲಿ? ಒಂದು ಕತೆಯನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. 2013ರಲ್ಲಿ ನಮ್ಮ ಯು. ಆರ್. ಅನಂತಮೂರ್ತಿಯವರು ಮ್ಯಾನ್ ಬುಕರ್ ಅಂತರರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದರು. ಆ ವರ್ಷ ಪ್ರಶಸ್ತಿ ಸಂದದ್ದು ಅಮೆರಿಕದ ಲಿಡಿಯಾ ಡೇವಿಸ್ ಅವರಿಗೆ. ಅವರ ಎಷ್ಟೋ ಕತೆಗಳು ಒಂದು ಪುಟವನ್ನೂ ತುಂಬುವುದಿಲ್ಲ, ಕೆಲವಂತೂ ಒಂದೇ ವಾಕ್ಯದವು. ಗಾತ್ರದಿಂದ ಸಾಹಿತ್ಯವನ್ನು ಅಳೆಯುವವರೊಡನೆ ನೀವು ವಾದಕ್ಕಿಳಿಯಬೇಕಾಗಿಲ್ಲ.

ಇನ್ನು ನಿಮ್ಮ ಕತೆ. ಸೈಕಲ್ ತುಳಿಯಲು ಬಾರದ ಅಮ್ಮ ಪ್ರತಿ ಭಾನುವಾರ ಅಪ್ಪನ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಗಾಳಿ ಹೊಡೆಸಿಕೊಂಡು ಬರುತ್ತಾಳೆ. ಅಂಗಡಿಯವನು ದುಡ್ಡು ತೆಗೆದುಕೊಳ್ಳುವುದಿಲ್ಲ. ಇದು ಅಪರೂಪದ ಚಿತ್ರ. ಆದರೆ ನೀವು ಅದನ್ನು ನಂಬದೆ, ‘ಅಪ್ಪ ತೀರಿಕೊಂಡು ವರ್ಷವಾದರೂ ಅಮ್ಮನ ಪ್ರೀತಿ ಬತ್ತಿರಲಿಲ್ಲ’ ಎಂದು ಮುಗಿಸಿದ್ದೀರಿ. ಆ ಒಂದು ವಾಕ್ಯವನ್ನು ತೆಗೆದು ಮತ್ತೊಮ್ಮೆ ಓದಿ ನೋಡಿ. ಅಪ್ಪ ಇಲ್ಲವೆಂಬುದು ತುಳಿಯದ ಸೈಕಲ್ಲಿನಿಂದಲೇ ತಿಳಿಯುತ್ತದೆ, ಪ್ರೀತಿ ಅಂಗಡಿಯವನಿಗೂ ತಿಳಿದಿದೆ. ಓದುಗ ತಾನಾಗಿ ಕಂಡುಕೊಳ್ಳಬೇಕಾದದ್ದನ್ನು ಕತೆಗಾರ ಬಾಯಿಬಿಟ್ಟು ಹೇಳಿದರೆ, ಕತೆಯೊಳಗೆ ಓದುಗನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಇನ್ನೊಂದು ಮಾತು. ‘ಆಗ ನಾನು ಬೆಂಗಳೂರಿನಲ್ಲಿದ್ದೆ, ಊರಿಗೆ ಹೋಗಲು ಆಗುತ್ತಿರಲಿಲ್ಲ’ ಎಂದು ಒಂದು ಸಾಲು ಖರ್ಚು ಮಾಡಿದ್ದೀರಿ. ‘ದುಡ್ಡು ಬೇಡ ಎಂದ’ ಎನ್ನುವ ಬದಲು ‘ದುಡ್ಡು ಬೇಡವೆಂದನಂತೆ’ ಎಂದಿದ್ದರೆ ಸಾಕಾಗಿತ್ತು. ಆ ‘ಅಂತೆ’ಯೊಂದರಿಂದಲೇ ಮಗಳು ಅಲ್ಲಿರಲಿಲ್ಲ, ಯಾರದೋ ಬಾಯಿಂದ ಕೇಳಿದ್ದಾಳೆ ಎಂಬುದು ಬಂದುಬಿಡುತ್ತದೆ. ನಮ್ಮ ಭಾಷೆಯ ಈ ಶಕ್ತಿಯನ್ನು ಕಂಡುಕೊಳ್ಳಲು ಪುಟ್ಟ ಕತೆಯಷ್ಟು ಒಳ್ಳೆಯ ಗರಡಿ ಬೇರೊಂದಿಲ್ಲ ಎಂದು ನಾನು ಮನಸಾರೆ ನಂಬಿದ್ದೇನೆ. ನೂರು ಪದಗಳ ಮಿತಿ ಹುಟ್ಟಿದ್ದು ಇಂಗ್ಲಿಷಿನಲ್ಲಿ. 1980ರ ದಶಕದಲ್ಲಿ ಬ್ರಿಟನ್ನಿನ ವೈಜ್ಞಾನಿಕ ಕಥಾಪ್ರಿಯರು ಸರಿಯಾಗಿ ನೂರು ಪದಗಳ ಕತೆಯನ್ನು ‘ಡ್ರ್ಯಾಬಲ್’ ಎಂದು ಕರೆದು ಬಳಕೆಗೆ ತಂದರು. ಆದರೆ ‘ಕೇಳಿಸಿಕೊಳ್ಳದವಳಂತೆ’ ಎಂಬ ನಮ್ಮ ಒಂದು ಪದಕ್ಕೆ ಅಲ್ಲಿ ಐದಾರು ಪದಗಳು ಬೇಕಾಗುತ್ತವೆ. ಹಾಗಾಗಿ ಕನ್ನಡದಲ್ಲಿ ನೂರು ಪದಗಳೆಂದರೆ ಸಾಕಷ್ಟು ವಿಶಾಲವಾದ ಜಾಗ. ಅರವತ್ತಕ್ಕೆ ಇಳಿಸಿ ಪ್ರಯತ್ನಿಸಿ.

ಬಳಗವನ್ನು ಬಿಡಬೇಡಿ, ಅಲ್ಲಿ ಕೇಳುವ ಪ್ರಶ್ನೆಯನ್ನು ಬದಲಿಸಿ. ‘ಹೇಗಿದೆ?’ ಎಂದು ಕೇಳಿದರೆ ಸ್ನೇಹಿತರು ‘ಸೂಪರ್’ ಎಂದೇ ಹೇಳುತ್ತಾರೆ. ಅದು ಅವರ ಸೌಜನ್ಯ, ಅದರಲ್ಲಿ ತಪ್ಪಿಲ್ಲ. ಅದರ ಬದಲು, ಕತೆಯಲ್ಲಿ ಏನು ನಡೆಯಿತೆಂದು ತಮ್ಮ ಮಾತಿನಲ್ಲಿ ಎರಡು ಸಾಲು ಬರೆಯುವಂತೆ ಮೂವರನ್ನು ಕೇಳಿಕೊಳ್ಳಿ. ಮೂವರೂ ಸೈಕಲ್ಲನ್ನು ಬಿಟ್ಟು ಬರೀ ಪ್ರೀತಿಯ ಬಗ್ಗೆ ಬರೆದರೆ ನಿಮ್ಮ ಚಿತ್ರ ಅವರ ಕಣ್ಣಿಗೆ ಬಿದ್ದಿಲ್ಲ ಎಂದರ್ಥ. ಒಬ್ಬರು ಅಪ್ಪ ಊರು ಬಿಟ್ಟು ಹೋಗಿದ್ದಾನೆಂದು ತಿಳಿದರೆ, ಯಾವ ಪದ ಅವರನ್ನು ಅತ್ತ ಎಳೆಯಿತೆಂದು ಹುಡುಕಿ. ಸಮಜಾಯಿಷಿ ಕೊಡಲು ಮಾತ್ರ ಹೋಗಬೇಡಿ. ಇತರರ ಕತೆಗಳಿಗೂ ನೀವು ಇದೇ ಬಗೆಯಲ್ಲಿ ಉತ್ತರಿಸಿ. ಪರರ ಕತೆಯಲ್ಲಿ ಹೆಚ್ಚಾದ ವಾಕ್ಯ ಬೇಗ ಕಣ್ಣಿಗೆ ಬೀಳುತ್ತದೆ. ಆ ಕಣ್ಣು ಪಳಗಿದ ಮೇಲೆ ನಿಮ್ಮದರಲ್ಲೂ ಅದು ಕಾಣತೊಡಗುತ್ತದೆ.

ಪತ್ರಿಕೆಗೆ ಬೇಕಾದ ದೊಡ್ಡ ಕತೆಯ ಎಲ್ಲ ಪಟ್ಟುಗಳೂ ಇದರಿಂದ ಬರುವುದಿಲ್ಲ. ಒಂದು ಪಾತ್ರವನ್ನು ಹತ್ತು ಪುಟಗಳುದ್ದಕ್ಕೂ ಬದಲಾಗುತ್ತ ಕೊಂಡೊಯ್ಯುವುದನ್ನು ದೊಡ್ಡ ಕತೆ ಬರೆದೇ ಕಲಿಯಬೇಕು. ಅದಕ್ಕೆ ಹೊಸ ವಸ್ತುವನ್ನು ಹುಡುಕಬೇಕಾಗಿಲ್ಲ: ದುಡ್ಡು ಬೇಡವೆಂದ ಆ ಅಂಗಡಿಯವನಿಗೂ ನಿಮ್ಮ ಕತೆಯ ಅಪ್ಪನಿಗೂ ಏನು ನಂಟಿತ್ತು ಎಂಬುದನ್ನು ಎರಡು ಸಾವಿರ ಪದಗಳಲ್ಲಿ ಬರೆದು ಕಳಿಸಿ.