ವಿಜ್ಞಾನ ಪ್ರಶ್ನೋತ್ತರ: ಟಾರ್ಚ್ ಬಲ್ಬಿನಿಂದ ತೋಟದ ಪಂಪಿನವರೆಗೆ

ವಿದ್ಯುನ್ಮಂಡಲದ ಬಗ್ಗೆ ಬಂದ ನಾಲ್ಕು ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲನೆಯದರ ಉತ್ತರ ಮನಸ್ಸಿನಲ್ಲಿ ನಿಂತರೆ ಉಳಿದ ಮೂರರ ಅರ್ಧ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಪ್ರಶ್ನೆ: ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದಾಗ ಮೊದಲನೆಯದು ಕರೆಂಟಿನ ಒಂದಷ್ಟು ಭಾಗವನ್ನು ಬಳಸಿಕೊಂಡು ಉಳಿದದ್ದನ್ನು ಎರಡನೆಯದಕ್ಕೆ ಬಿಡುತ್ತದೆಯಲ್ಲವೇ? ಹಾಗಾದರೆ ಎರಡೂ ಒಂದೇ ಸಮನಾಗಿ ಉರಿಯುವುದೇಕೆ?
*ಹತ್ತನೇ ತರಗತಿಯ ವಿದ್ಯಾರ್ಥಿನಿ, ಕುಮಟಾ*

ಉತ್ತರ: ಇಲ್ಲ, ಬಲ್ಬು ವಿದ್ಯುತ್ ಪ್ರವಾಹವನ್ನು ಖರ್ಚು ಮಾಡುವುದಿಲ್ಲ. ಸೈಕಲ್ ಚೈನಿನ ಎಷ್ಟು ಕೊಂಡಿಗಳು ಹಿಂದಿನ ಚಕ್ರಕ್ಕೆ ಹೋಗುತ್ತವೆಯೋ ಅಷ್ಟೇ ಕೊಂಡಿಗಳು ಪೆಡಲಿನ ಕಡೆಗೆ ಮರಳುತ್ತವೆ. ಚಕ್ರಕ್ಕೆ ದಾಟುವುದು ಕಾಲಿನ ಶಕ್ತಿಯೇ ಹೊರತು ಚೈನಲ್ಲ. ಹಾಗೆಯೇ ಬಲ್ಬಿನೊಳಗೆ ಬೆಳಕು ಮತ್ತು ಶಾಖವಾಗಿ ಮಾರ್ಪಡುವುದು ಶಕ್ತಿ. ವಿದ್ಯುದಾವೇಶವು ಒಂದು ತುದಿಯಿಂದ ಬಂದಷ್ಟೇ ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಪ್ರಯೋಗಾಲಯದಲ್ಲಿ 1.5 ವೋಲ್ಟಿನ ಎರಡು ಶುಷ್ಕಕೋಶಗಳಿಗೆ, ಉರಿಯುವಾಗ ತಲಾ 10 ಓಮ್ ರೋಧವಿರುವ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದಿರಿ ಎನ್ನಿ. ಒಟ್ಟು ರೋಧ 20 ಓಮ್, ವಿಭವಾಂತರ (ವೋಲ್ಟೇಜ್) 3 ವೋಲ್ಟ್, ಆದ್ದರಿಂದ ಪ್ರವಾಹ 0.15 ಆಂಪಿಯರ್. ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ ಅಥವಾ ಎರಡನೆಯದರ ಮುಂದೆ ಎಲ್ಲೇ ಸೇರಿಸಿದರೂ ಅದು ತೋರಿಸುವುದು ಇದನ್ನೇ. ಹಂಚಿಕೆಯಾಗುವುದು ವಿಭವಾಂತರ: ಹೆಚ್ಚು ರೋಧವಿರುವ ಭಾಗಕ್ಕೆ ಹೆಚ್ಚು, ಕಡಿಮೆ ರೋಧಕ್ಕೆ ಕಡಿಮೆ. ಇಲ್ಲಿ ರೋಧಗಳು ಸಮನಾಗಿರುವುದರಿಂದ ಪಾಲೂ ಸಮ, ತಲಾ 1.5 ವೋಲ್ಟ್.

ಪ್ರಶ್ನೆ: ಚೌತಿಯ ಮಂಟಪಕ್ಕೆ ಹಾಕುವ ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಮಾಲೆ ಆರುತ್ತದೆ. ಕರೆಂಟೇ ಹರಿಯದ ಆ ಮಾಲೆಯನ್ನು ಮುಟ್ಟಿ ಬಲ್ಬು ಬದಲಿಸಿದರೆ ಅಪಾಯವೇನು?
*ಒಬ್ಬ ಓದುಗರು, ಕಾರವಾರ*

ಉತ್ತರ: ಅಪಾಯ ಖಂಡಿತ ಇದೆ. 6 ವೋಲ್ಟಿನ ಸುಮಾರು 38 ಪುಟ್ಟ ಬಲ್ಬುಗಳನ್ನು ಸರಣಿಯಲ್ಲಿ ಪೋಣಿಸಿ 230 ವೋಲ್ಟಿಗೆ ಕೊಟ್ಟಿರುವ ಮಾಲೆ ಅದು. ಉರಿಯುತ್ತಿರುವಾಗ ಪ್ರತಿ ಬಲ್ಬಿನ ಪಾಲು 6 ವೋಲ್ಟ್. ಒಂದರ ತಂತು ತುಂಡಾದರೆ ಪ್ರವಾಹ ನಿಲ್ಲುತ್ತದೆ, ಪ್ರವಾಹ ನಿಂತರೆ ಉಳಿದ 37 ಬಲ್ಬುಗಳಲ್ಲಿ ವೋಲ್ಟೇಜ್ ಕುಸಿಯುವುದೂ ನಿಲ್ಲುತ್ತದೆ. ಆಗ ಪೂರ್ತಿ 230 ವೋಲ್ಟ್ ಆ ಸುಟ್ಟ ಬಲ್ಬಿನ ಎರಡು ತುದಿಗಳ ನಡುವೆ ಬಂದು ನಿಲ್ಲುತ್ತದೆ. ಆ ಹೋಲ್ಡರಿಗೆ ಬೆರಳು ತಾಗಿಸಿದವರು ತಾವೇ ಮಂಡಲವನ್ನು ಪೂರ್ಣಗೊಳಿಸಿದಂತೆ. ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕಿತ್ತು ಕೆಲಸ ಮಾಡಬೇಕು.

ಪ್ರಶ್ನೆ: ನಮ್ಮ ಅಡಿಕೆ ತೋಟ ಮನೆಯಿಂದ ಸುಮಾರು 200 ಮೀಟರ್ ಕೆಳಗಿದೆ. ಮನೆಯ ಮೀಟರಿನಿಂದ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದು ಹಳ್ಳದ ಬದಿಗೆ ಒಂದು ಎಚ್‌ಪಿ ಪಂಪ್ ಕೂರಿಸಿದ್ದೇವೆ. ಪಂಪ್ ಬಂದ್ ಇದ್ದಾಗ ಅಲ್ಲಿ ಮೀಟರ್ ಹಿಡಿದರೆ ಸರಿಯಾಗಿ 230 ವೋಲ್ಟ್ ತೋರಿಸುತ್ತದೆ. ಸ್ವಿಚ್ ಹಾಕಿದರೆ ಮಾತ್ರ ಗುಂಯ್ ಎನ್ನುತ್ತದೆಯೇ ವಿನಾ ಒಮ್ಮೊಮ್ಮೆ ತಿರುಗುವುದೇ ಇಲ್ಲ. ದೋಷ ಪಂಪಿನದೇ?
*ಒಬ್ಬ ಕೃಷಿಕರು, ಶಿರಸಿ*

ಉತ್ತರ: ಪಂಪನ್ನು ರಿವೈಂಡಿಂಗಿಗೆ ಹೊತ್ತೊಯ್ಯುವ ಮೊದಲು ವೈರನ್ನು ಅನುಮಾನಿಸಿ. ನೀವು ಕಂಡ 230 ವೋಲ್ಟ್ ಸುಳ್ಳಲ್ಲ, ಆದರೆ ಅದು ಪ್ರವಾಹವಿಲ್ಲದಾಗಿನ ಅಳತೆ; ಚೌತಿಯ ಮಾಲೆಯಲ್ಲಿ ಸುಟ್ಟ ಬಲ್ಬಿನ ಬಳಿ ಪೂರ್ತಿ ವೋಲ್ಟೇಜ್ ಸಿಗುವುದೂ ಇದೇ ಕಾರಣಕ್ಕೆ. ವೈರ್ ಮತ್ತು ಪಂಪ್ ಸರಣಿಯಲ್ಲಿವೆ, ಆದ್ದರಿಂದ ಪ್ರವಾಹ ಹರಿಯತೊಡಗಿದೊಡನೆ ವೈರ್ ತನ್ನ ಪಾಲಿನ ವೋಲ್ಟೇಜನ್ನು ತೆಗೆದುಕೊಳ್ಳುತ್ತದೆ.

ಆ ಪಾಲು ಎಷ್ಟೆಂದು ಲೆಕ್ಕ ಹಾಕಬಹುದು. ಹೋಗುವ ತಂತಿ 200 ಮೀಟರ್, ಬರುವ ತಂತಿ 200 ಮೀಟರ್, ಒಟ್ಟು 400 ಮೀಟರ್ (ಬರುವ ತಂತಿಯನ್ನು ಲೆಕ್ಕಕ್ಕೆ ಹಿಡಿಯಲು ಮರೆಯುವವರೇ ಹೆಚ್ಚು). ಇಷ್ಟು ಉದ್ದದ 2.5 ಚದರ ಮಿಲಿಮೀಟರ್ ತಾಮ್ರದ ರೋಧ ಸುಮಾರು 2.7 ಓಮ್. ಪಂಪ್ ಓಡುತ್ತಿರುವಾಗ 6 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ವೈರಿನಲ್ಲಿ ಕುಸಿಯುವುದು 16 ವೋಲ್ಟ್. ಅದನ್ನು ಪಂಪ್ ಹೇಗೋ ಸಹಿಸಿಕೊಳ್ಳುತ್ತದೆ. ತೊಂದರೆ ಇರುವುದು ಹೊರಡುವ ಗಳಿಗೆಯಲ್ಲಿ. ನಿಂತಿರುವ ಮೋಟಾರು ತಿರುಗಲು ತೊಡಗುವಾಗ ಮಾಮೂಲಿಗಿಂತ ಹಲವು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಅದು 22 ಆಂಪಿಯರ್ ಆಗಿದ್ದರೂ ಸುಮಾರು 60 ವೋಲ್ಟ್ ವೈರಿನಲ್ಲಿಯೇ ಕಳೆದುಹೋಗುತ್ತದೆ. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಮುಕ್ಕಾಲು ಪಾಲು ವೋಲ್ಟೇಜಿಗೆ ಸಿಗುವ ಬಲ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಮನೆಗೆ ಬರುವ ವೋಲ್ಟೇಜೇ ಕಡಿಮೆ ಇರುವ ಹೊತ್ತಿನಲ್ಲಿ ಪಂಪ್ ಬರಿದೇ ಗುಂಯ್ಗುಡುತ್ತದೆ. ಹಾಗೆ ಗುಂಯ್ಗುಡಲು ಬಿಟ್ಟರೆ ದೊಡ್ಡ ಪ್ರವಾಹ ಹರಿಯುತ್ತಲೇ ಇದ್ದು ವೈಂಡಿಂಗ್ ಸುಡುತ್ತದೆ, ಕೂಡಲೇ ಆರಿಸಿ.

ಖಚಿತಪಡಿಸಿಕೊಳ್ಳಲು, ಸ್ವಿಚ್ ಹಾಕುವ ಕ್ಷಣದಲ್ಲಿ ಪಂಪಿನ ತುದಿಯಲ್ಲಿ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ಅಲ್ಲಿ ಇಳಿಯದೆ ಇದ್ದೂ ಪಂಪ್ ತಿರುಗದಿದ್ದರೆ ಕೆಪಾಸಿಟರ್ ಕೆಟ್ಟಿರಬಹುದು. ಇಳಿದರೆ 6 ಚದರ ಮಿಲಿಮೀಟರ್ ವೈರ್ ಹಾಕಿಸಿ, ರೋಧ 1.1 ಓಮಿಗೆ ತಗ್ಗುತ್ತದೆ. ತಾಮ್ರದ ಬೆಲೆ ನೋಡಿ ಅಲ್ಯೂಮಿನಿಯಂ ಆರಿಸುವುದಾದರೆ, ಅದೇ ದಪ್ಪಕ್ಕೆ ಅದರ ರೋಧ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚು ಎಂಬುದು ಗಮನದಲ್ಲಿರಲಿ.

ಪ್ರಶ್ನೆ: ಕಡಲ ಬದಿಯ ನಮ್ಮ ಮನೆಯಲ್ಲಿ ಗೀಸರಿನ ಪ್ಲಗ್ ಕಪ್ಪಾಗಿ ಕರಗತೊಡಗಿದೆ, ಆದರೂ ಎಂಸಿಬಿ ಬೀಳಲಿಲ್ಲ. ಏಕೆ?
*ಒಬ್ಬ ಓದುಗರು, ಅಂಕೋಲಾ*

ಉತ್ತರ: ಉಪ್ಪುಗಾಳಿಗೆ ಸಾಕೆಟ್ಟಿನ ಲೋಹದ ಮೇಲೆ ಕಿಲುಬು ಕಟ್ಟಿ, ಪ್ಲಗ್ಗಿನ ಕಡ್ಡಿ ಕೂರುವ ಜಾಗದಲ್ಲಿ ರೋಧ ಹೆಚ್ಚಿದೆ. ಅದು ಅರ್ಧ ಓಮ್ ಆಗಿದ್ದರೂ ಸಾಕು: 2000 ವಾಟಿನ ಗೀಸರ್ ಎಳೆಯುವ 8.7 ಆಂಪಿಯರ್ ಪ್ರವಾಹಕ್ಕೆ ಆ ಚಿಕ್ಕ ಜಾಗದಲ್ಲಿಯೇ ಸುಮಾರು 38 ವಾಟ್ ಶಾಖ ಹುಟ್ಟುತ್ತದೆ. ಎಂಸಿಬಿ ಗಮನಿಸುವುದು ಪ್ರವಾಹ ಮಿತಿ ಮೀರಿತೇ ಎಂಬುದನ್ನು. ಇಲ್ಲಿ ರೋಧ ಕೂಡಿದ್ದರಿಂದ ಪ್ರವಾಹ ತುಸು ಕಡಿಮೆಯೇ ಆಗಿರುತ್ತದೆ, ಹಾಗಾಗಿ ಅದು ಬೀಳುವ ಪ್ರಶ್ನೆಯೇ ಇಲ್ಲ. ಕಾದು ಸಡಿಲಾದ ಸಾಕೆಟ್ಟಿನ ಹಿಡಿತ ಉಜ್ಜಿದರೆ ಮರಳುವುದಿಲ್ಲ. ಪ್ಲಗ್, ಸಾಕೆಟ್ ಎರಡನ್ನೂ ಬದಲಿಸಿ, ಅದಾಗುವವರೆಗೆ ಗೀಸರ್ ಹಾಕಬೇಡಿ.