ಹಚ್ಚವಲಕ್ಕಿ ತಿಂದ 3 ತಾಸಿಗೆ ಮನೆಮಂದಿಗೆಲ್ಲ ವಾಂತಿ: ಪ್ರತಿಕ್ರಿಯೆ

ಹಚ್ಚವಲಕ್ಕಿ (ಕಾಯಿತುರಿ ಹಾಕಿ ಕಲಸಿದ ಅವಲಕ್ಕಿ) ತಿಂದು ಮನೆಮಂದಿಗೆಲ್ಲ ವಾಂತಿಯಾದದ್ದಕ್ಕೆ ಕಾರಣವೇನು ಎಂದು ಕೇಳಿದ್ದೀರಿ. ನನ್ನ ಅನುಮಾನ ನಿಮ್ಮ ಬೆರಳಿನ ಮೇಲೆ. ಮೆಟ್ಟುಗತ್ತಿಯಲ್ಲಿ (ಕಾಲಲ್ಲಿ ಮೆಟ್ಟಿ ಹಿಡಿದು ಹೆಚ್ಚುವ, ಕಾಯಿ ತುರಿಯುವ ಕತ್ತಿ) ಕೊಯ್ದುಕೊಂಡ ಗಾಯ ಕೀವಾಗಿತ್ತು, ಬಟ್ಟೆ ಸುತ್ತಿ ಬೆಳಿಗ್ಗೆ ಅದೇ ಕೈಯಲ್ಲಿ ಕಲಸಿದೆ, ತಿಂದದ್ದು ಮಧ್ಯಾಹ್ನ ಎಂದಿದ್ದೀರಿ. ಕೀವಿನಲ್ಲಿರುವ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಹಸಿ ಕಾಯಿತುರಿಗೆ ಸೇರಿದರೆ ಕುಮಟೆಯ ಸೆಕೆಯಲ್ಲಿ ನಾಲ್ಕೈದು ತಾಸಿಗೇ ವಿಷ ಬಿಡಬಲ್ಲದು. ನೀರೂ ಕಾರಣವಿರಬಹುದು, ಆದರೆ ಅದು ಸಾಮಾನ್ಯವಾಗಿ ಇಷ್ಟು ಬೇಗ ತೋರುವುದಿಲ್ಲ.

ಮೊದಲು ಉಳಿದದ್ದನ್ನು ಚೆಲ್ಲಿ. ಒಗ್ಗರಣೆ ಹಾಕಿ ಬಿಸಿ ಮಾಡಿದರೂ ಈ ವಿಷ ಹೋಗುವುದಿಲ್ಲ. ಮೆಟ್ಟುಗತ್ತಿಯ ಅಲಗು, ತುರಿಯುವ ಹಲ್ಲುಗಳ ಸಂದು ಸೋಪು ಹಾಕಿ ಬ್ರಶ್‌ನಲ್ಲಿ ತಿಕ್ಕಿ, ಕುದಿನೀರು ಹೊಯ್ದು ಒಣಗಿಸಿ.

ಕೈಯನ್ನು ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ. ಹೆಬ್ಬೆರಳು, ಉಗುರಿನ ಅಡಿ ಸಾಮಾನ್ಯವಾಗಿ ತಪ್ಪಿಹೋಗುವ ಜಾಗ. ಒರೆಸಲು ಒಣ ಬಟ್ಟೆ ಬೇಕು. ಸೆರಗು, ಒಲೆಕಟ್ಟೆಯ ಹಸಿ ಮಸಿಬಟ್ಟೆ ಮುಟ್ಟಿದರೆ ತೊಳೆದದ್ದೇ ದಂಡ. ಗಾಯಕ್ಕೆ ಬಟ್ಟೆಯಲ್ಲ, ನೀರು ಹೋಗದ ಪ್ಲಾಸ್ಟರ್, ಮೇಲೆ ಗ್ಲೌಸ್. ಕೀವು ಇರುವಷ್ಟು ದಿನ ಕಲಸುವ ಕೆಲಸ ಬೇರೆಯವರಿಗೆ ಬಿಡಿ. ಕಾಯಿ ತಿನ್ನುವ ಹೊತ್ತಿಗೇ ತುರಿಯಿರಿ, ಕಲಸಿದ್ದನ್ನು 2 ತಾಸಿಗಿಂತ ಹೆಚ್ಚು ಹೊರಗಿಡಬೇಡಿ.

ವಾಂತಿ ಸಾಮಾನ್ಯವಾಗಿ ಒಂದು ದಿನದಲ್ಲಿ ನಿಲ್ಲುತ್ತದೆ. ಅಲ್ಲಿತನಕ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಮಕ್ಕಳಿಗೆ ಮೂತ್ರ ಕಡಿಮೆಯಾದರೆ ಕಾಯದೆ ಡಾಕ್ಟರಿಗೆ ತೋರಿಸಿ.