ಸ್ಪಿತಿ ಕಣಿವೆಗೆ ಸಾಂಸ್ಕೃತಿಕ ಪ್ರವಾಸ: ಸ್ಥಳೀಯ ಗೈಡ್ ಬೇಕೇ, ಬಾಡಿಗೆ ಕಾರು ಸಾಕೇ?

ಅರವತ್ತು ದಾಟಿದ ಅಪ್ಪ-ಅಮ್ಮನನ್ನು ಕರೆದುಕೊಂಡು ಸೆಪ್ಟೆಂಬರಿನಲ್ಲಿ ಹಿಮಾಚಲ ಪ್ರದೇಶದ ಸ್ಪಿತಿಗೆ ಹೋಗಬೇಕೆಂದಿದ್ದೀರಿ. ಮನಾಲಿಯಿಂದ ಹೊರಟು ಮನಾಲಿಗೇ ಮರಳುವ 7 ದಿನದ ‘ಕಲ್ಚರಲ್ ಟೂರ್’ ಒಂದನ್ನು ನೋಡಿಟ್ಟಿದ್ದೀರಿ. ಗೈಡ್‌ಗೆ ಪ್ರತ್ಯೇಕ ದುಡ್ಡು ಕೇಳುತ್ತಿದ್ದಾರೆ, ಡ್ರೈವರ್ ಇದ್ದರೆ ಸಾಲದೇ ಎಂಬುದು ನಿಮ್ಮ ಪ್ರಶ್ನೆ. ನಾನು ಹೇಳುವುದಿಷ್ಟು: ಗೈಡ್‌ಗೆ ದುಡ್ಡು ಕೊಡಿ, ಆ 7 ದಿನದ ಯೋಜನೆಯನ್ನು ಬಿಡಿ. ಮತ್ತೆ, ಗೈಡ್ ಅಂದರೆ ಆ ಕಣಿವೆಯ ಯಾವುದಾದರೂ ಹಳ್ಳಿಯಲ್ಲಿ ಹುಟ್ಟಿದವರೇ ಆಗಿರಲಿ. ದೆಹಲಿಯಿಂದಲೋ ಚಂಡೀಗಢದಿಂದಲೋ ತಂಡದ ಜೊತೆ ಬರುವ ‘ಟ್ರಿಪ್ ಲೀಡರ್’ ಬೇಡ. ಅವರು ಒಳ್ಳೆಯವರೇ ಇರಬಹುದು, ಆದರೆ ಅಲ್ಲಿಯ ಮನೆಗಳ ಒಳಗೆ ಅವರೂ ನಿಮ್ಮಷ್ಟೇ ಹೊಸಬರು.

ಆ ಪ್ಯಾಕೇಜಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಅತಿ ಎತ್ತರದ್ದೆಂದು ಹೇಳಿಕೊಳ್ಳುವ ಅಂಚೆ ಕಚೇರಿ ಹಿಕ್ಕಿಮ್, ಹಾಗೆಯೇ ಹೇಳಿಕೊಳ್ಳುವ ಹಳ್ಳಿ ಕೋಮಿಕ್, ಸೇತುವೆ ಚಿಚಮ್, ಆಮೇಲೆ ಚಂದ್ರತಾಲ್ ಸರೋವರದ ಹತ್ತಿರ ಟೆಂಟಿನಲ್ಲಿ ಒಂದು ರಾತ್ರಿ. ಇದು ಎತ್ತರದ ಪಟ್ಟಿಯೇ ಹೊರತು ಸಂಸ್ಕೃತಿಯ ಪಟ್ಟಿಯಲ್ಲ. ಇದರಲ್ಲಿ ಹಳೆಯ ಮಠವಿರುವ ಟಾಬೋ ಎಂಬ ಊರಿಗೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಸ್ಪಿತಿಯಲ್ಲಿ ಒಂದೇ ಒಂದು ಜಾಗ ನೋಡಲು ಸಾಧ್ಯವೆಂದರೆ ನಾನು ಟಾಬೋ ಎನ್ನುತ್ತೇನೆ. ಅಲ್ಲಿ ಎರಡು ರಾತ್ರಿಯಾದರೂ ಉಳಿಯಿರಿ.

ಟಾಬೋ ಮಠ ಕಟ್ಟಿದ್ದು ಕ್ರಿ.ಶ. 996ರಲ್ಲಿ. ಪಶ್ಚಿಮ ಟಿಬೆಟಿನ ಗೂಗೆ ರಾಜ್ಯದ ದೊರೆ, ಆಮೇಲೆ ಸನ್ಯಾಸಿಯಾದ ಯೆಶೆ-ಓ ಕಟ್ಟಿಸಿದ್ದು. ಅವನ ಕಾಲದ ದೊಡ್ಡ ಅನುವಾದಕ ರಿಂಚೆನ್ ಜಾಂಗ್ಪೋ ಹೆಸರೂ ಈ ಮಠದೊಂದಿಗೆ ಸೇರಿಕೊಂಡಿದೆ. ಸುಮಾರು 46 ವರ್ಷಗಳ ನಂತರ, 1042ರಲ್ಲಿ, ಯೆಶೆ-ಓನ ವಂಶದವನೇ ಆದ ಜಾಂಗ್‌ಚುಬ್-ಓ ಅದನ್ನು ನವೀಕರಿಸಿದ. ಅದರ ಶಾಸನ ಇಂದಿಗೂ ಒಳಗೋಡೆಯ ಮೇಲಿದೆ. ಹೊರಗಿನಿಂದ ನೋಡಿದರೆ ಇದು ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳ ಹಾಗೆ, ಮಣ್ಣಿನ ಗೋಡೆ, ಮಣ್ಣಿನ ಚಾವಣಿ. ಕಾರಿನಲ್ಲಿ ಬಂದವರು ಅನೇಕರು ಒಂದು ಸುತ್ತು ಹಾಕಿ, ‘ಇಷ್ಟೇನಾ’ ಎಂದು ಹೊರಟುಬಿಡುತ್ತಾರೆ. ಒಳಗೆ ಕತ್ತಲೆ, ಫೋಟೋ ತೆಗೆಯುವಂತಿಲ್ಲ, ವಿವರಣೆಯ ಫಲಕಗಳೂ ಇಲ್ಲ.

ನಮ್ಮ ಗೈಡ್ ಟಾಬೋ ಪಕ್ಕದ ಊರಿನವರು, ಚಿಕ್ಕಂದಿನಲ್ಲಿ ಅದೇ ಮಠದ ಶಾಲೆಗೆ ಹೋದವರು. ಅವರು ನಮ್ಮನ್ನು ಬಾಗಿಲ ಬಳಿ ಕೂರಿಸಿ ಸುಮ್ಮನಿದ್ದರು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಗೋಡೆಗಳಿಂದ ಮೂರ್ತಿಗಳು ಒಂದೊಂದಾಗಿ ಎದ್ದು ಬಂದವು. ಜೇಡಿಮಣ್ಣಿನಲ್ಲಿ ಮಾಡಿ ಬಣ್ಣ ಹಚ್ಚಿದ ಆಳೆತ್ತರದ ದೇವತೆಗಳು, ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಪದ್ಮಾಸನ ಹಾಕಿ ಕೂತಿವೆ. ನಡುವೆ, ನಾಲ್ಕು ದಿಕ್ಕಿಗೂ ಮುಖಮಾಡಿ, ಬೆನ್ನಿಗೆ ಬೆನ್ನು ಕೊಟ್ಟು ಕೂತ ವೈರೋಚನ ಬುದ್ಧನ ನಾಲ್ಕು ಮೂರ್ತಿಗಳು. ಅಂದರೆ ನೀವು ನಿಂತಿರುವ ಕೋಣೆಯೇ ಒಂದು ಮಂಡಲ, ಎಂದರೆ ಬುದ್ಧಲೋಕದ ನಕ್ಷೆ, ನೀವು ಅದರ ಒಳಗಿದ್ದೀರಿ. ಬೇರೆ ಕಡೆ ಬಟ್ಟೆಯ ಮೇಲೋ ಗೋಡೆಯ ಮೇಲೋ ಚಿತ್ರವಾಗಿ ಕಾಣುವುದು ಇಲ್ಲಿ ನಡೆದಾಡುವ ಜಾಗವಾಗಿದೆ. ಇದನ್ನು ಯಾರಾದರೂ ಹೇಳದಿದ್ದರೆ ನಮಗೆ ಹೊಳೆಯುವುದಿಲ್ಲ.

ಮೂರ್ತಿಗಳ ಕೆಳಗೆ ಕಣ್ಣಿನ ಮಟ್ಟದಲ್ಲಿ ಚಿತ್ರಗಳ ಸಾಲಿದೆ. ಒಂದು ಕಡೆ ಬುದ್ಧನ ಜೀವನ. ಎದುರುಗಡೆ ಸುಧನ ಎಂಬ ಯುವಕನ ಯಾತ್ರೆ: ಜ್ಞಾನ ಹುಡುಕಿ ಹೊರಟ ಅವನು ಗುರುವಿನಿಂದ ಗುರುವಿಗೆ ಅಲೆಯುತ್ತಾನೆ. ಭಿಕ್ಷುಗಳು, ವ್ಯಾಪಾರಿಗಳು, ರಾಜರು, ಹೆಂಗಸರು, ಮಕ್ಕಳು, ಎಲ್ಲರೂ ಅವನಿಗೆ ಗುರುಗಳೇ. ಗಂಡವ್ಯೂಹ ಸೂತ್ರ ಎಂಬ ಬೌದ್ಧ ಗ್ರಂಥದ ಕಥೆ ಇದು. ಬೋಧಿಸತ್ವ ಮಂಜುಶ್ರೀ ಅವನನ್ನು ಕಳಿಸುವುದು ದಕ್ಷಿಣ ದಿಕ್ಕಿಗೆ ಎಂದು ಗೈಡ್ ಹೇಳಿದಾಗ ನನ್ನ ಅಮ್ಮ ಗೋಡೆಯ ಹತ್ತಿರ ಹೋಗಿ ಒಂದೊಂದೇ ಚೌಕ ನೋಡುತ್ತಾ ನಿಂತರು. ಓದು ಕಡಿಮೆ ಇದ್ದರೂ ಕಥೆ ಕೇಳಿ ಬೆಳೆದ ನಮ್ಮ ಹಿರಿಯರಿಗೆ ಈ ಗೋಡೆ ನಮಗಿಂತ ಬೇಗ ತೆರೆದುಕೊಳ್ಳುತ್ತದೆ. ನಿಮ್ಮ ಅಪ್ಪ-ಅಮ್ಮನಿಗೂ ಹಾಗೇ ಆಗುತ್ತದೆಂದು ನಂಬಿದ್ದೇನೆ. ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ, ಅಲ್ಲಿದ್ದ ಲಾಮಾ ಅನುಮತಿ ಕೊಟ್ಟರೆ ಮಾತ್ರ ಹಚ್ಚಿ.

ಸ್ಪಿತಿ ಮಳೆನೆರಳಿನ ನಾಡು. ಹಾಗಾಗಿಯೇ ಈ ಮಣ್ಣು ಸಾವಿರ ವರ್ಷ ನಿಂತಿದೆ. 1975ರ ಕಿನ್ನೌರ್ ಭೂಕಂಪದಲ್ಲಿ ಏಟು ತಿಂದಿತು, ಪಕ್ಕದಲ್ಲಿ ಹೊಸ ಪ್ರಾರ್ಥನಾ ಮಂದಿರ ಕಟ್ಟಿದರು, ಹಳೆಯದನ್ನು ಪುರಾತತ್ವ ಇಲಾಖೆ ನೋಡಿಕೊಳ್ಳುತ್ತಿದೆ. ಈಗಿನ ಭಯ ಅಕಾಲದ ಮಳೆಯದು. ಚಾವಣಿಯಿಂದ ಇಳಿದ ನೀರು ಚಿತ್ರಗಳ ಮೇಲೆ ಎಳೆದ ಗೆರೆಗಳನ್ನು ನೋಡಿದರೆ ಸಂಕಟವಾಗುತ್ತದೆ. ಈ ಮಠವನ್ನು ಆದಷ್ಟು ಬೇಗ ನೋಡಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಮಠಗಳಿಗಿಂತ ಹೆಚ್ಚಾಗಿ ಗೈಡ್ ಬೇಕಾಗುವುದು ಹಳ್ಳಿಗಳಲ್ಲಿ. ಸ್ಪಿತಿಯ ಮನೆಗಳನ್ನು ಹೊರಗಿನಿಂದ ನೋಡಿದರೆ ಸುಣ್ಣ ಬಳಿದ ಗೋಡೆ, ಕಪ್ಪು ಚೌಕಟ್ಟಿನ ಕಿಟಕಿ, ಚಾವಣಿಯ ಅಂಚಿನಲ್ಲಿ ಪೇರಿಸಿಟ್ಟ ಒಣ ಕಟ್ಟಿಗೆ, ಅಷ್ಟೇ. ಆದರೆ ಪ್ರತಿ ಊರಿನಲ್ಲೂ ಎರಡು ಬಗೆಯ ಮನೆಗಳಿವೆ. ಖಾಂಗ್‌ಚೆನ್ ಎಂಬ ದೊಡ್ಡ ಮನೆ, ಖಾಂಗ್‌ಚುಂಗ್ ಎಂಬ ಚಿಕ್ಕ ಮನೆ. ಹಿಂದಿನ ಕಟ್ಟಳೆಯ ಪ್ರಕಾರ ಹೊಲವೆಲ್ಲ ಹಿರಿಯ ಮಗನಿಗೆ. ಅವನು ಸಂಸಾರ ಹೂಡಿದ ಮೇಲೆ ಅಪ್ಪ-ಅಮ್ಮ ಮನೆಯ ಯಜಮಾನಿಕೆ ಬಿಟ್ಟುಕೊಟ್ಟು ಚಿಕ್ಕ ಮನೆಗೆ ಹೋಗುತ್ತಾರೆ. ಕಿರಿಯ ಗಂಡುಮಕ್ಕಳು ಮಠ ಸೇರುತ್ತಾರೆ. ಕೇಳಲು ಕಠಿಣ ಎನಿಸುತ್ತದೆ. ಆದರೆ ವರ್ಷಕ್ಕೊಂದೇ ಬೆಳೆ, ಹಿಮ ಕರಗಿದ ನೀರು ಕಾಲುವೆಯಲ್ಲಿ ಹರಿದು ಬಂದಷ್ಟೇ ಹೊಲ. ಅದನ್ನು ಪ್ರತಿ ತಲೆಮಾರಿನಲ್ಲೂ ಪಾಲು ಮಾಡಿದ್ದರೆ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಕಾಲುವೆಯ ನೀರಿನ ಸರದಿಯೂ ಹಳೆಯ ದೊಡ್ಡ ಮನೆಗಳ ಹಕ್ಕಿಗೆ ಸೇರಿದ್ದು. ಬಾರ್ಲಿಯ ಜೊತೆಗೆ ಹಸಿರು ಬಟಾಣಿ ಬೆಳೆದು ಮಾರಲು ಶುರುಮಾಡಿದ ಮೇಲೆ ಕೈಗೆ ಕಾಸು ಬಂತು, ಮಕ್ಕಳು ಶಿಮ್ಲಾ, ಚಂಡೀಗಢಕ್ಕೆ ಓದಲು ಹೋದರು, ಕಿರಿಯ ಮಗ ಲಾಮಾ ಆಗಲೇಬೇಕೆಂಬುದು ಸಡಿಲವಾಯಿತು. ಇಷ್ಟನ್ನು ತಿಳಿದುಕೊಂಡು ಹೋದರೆ ಮಠದಲ್ಲಿ ಕಾಣುವ ಸಣ್ಣ ಹುಡುಗ ಯಾಕೆ ಅಲ್ಲಿದ್ದಾನೆ, ಹೋಮ್‌ಸ್ಟೇ ಪಕ್ಕದ ಸಣ್ಣ ಮನೆಯಲ್ಲಿ ಅಜ್ಜ-ಅಜ್ಜಿ ಮಾತ್ರ ಯಾಕಿದ್ದಾರೆ ಎಂದು ಅರ್ಥವಾಗುತ್ತದೆ. ಅಜ್ಜಿಗೆ ಹಿಂದಿ ಬರುವುದು ಅಷ್ಟಕ್ಕಷ್ಟೇ. ನಡುವೆ ಕೂತು ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುವವರು ಬೇಕು. ಗೈಡ್‌ಗೆ ನೀವು ಕೊಡುವ ದುಡ್ಡು ಮುಖ್ಯವಾಗಿ ಇದಕ್ಕೆ.

ಪಿನ್ ಕಣಿವೆಯನ್ನು ಪ್ಯಾಕೇಜಿನವರು ಸಾಮಾನ್ಯವಾಗಿ ಕೈಬಿಡುತ್ತಾರೆ. ನೀವು ಬಿಡಬೇಡಿ. ಸ್ಪಿತಿಯ ದೊಡ್ಡ ಮಠಗಳು ಬಹುಪಾಲು ಟಿಬೆಟಿನ ಬೌದ್ಧರ ಗೆಲುಗ್ ಪಂಥದವು, ಪಿನ್ ಮಾತ್ರ ನ್ಯಿಂಗ್ಮಾ ಪಂಥದ ನೆಲೆ, ಅಲ್ಲಿಯ ಕುಂಗ್ರಿ ಮಠವೇ ಅವರ ಕೇಂದ್ರ. ಅಲ್ಲಿ ಬುಚೆನ್ ಎಂಬ ಪರಂಪರೆಯ ಮನೆತನಗಳಿವೆ. ಸಂಸಾರಿಗಳು, ಬೇಸಾಯ ಮಾಡುವವರು, ಜೊತೆಗೆ ಊರೂರು ತಿರುಗಿ ಧರ್ಮಕಥೆಗಳನ್ನು ಆಡಿ ತೋರಿಸುವವರು. ಕಬ್ಬಿಣದ ಸರಪಳಿ ಸೇತುವೆಗಳನ್ನು ಕಟ್ಟಿದ ಟಿಬೆಟಿನ ಸಿದ್ಧ ಥಾಂಗ್‌ತೊಂಗ್ ಗ್ಯಾಲ್ಪೋನೇ ತಮ್ಮ ಮೂಲಗುರು ಎನ್ನುತ್ತಾರೆ. ಕೇಡನ್ನು ಕಳೆಯಲು ಅವರು ನಡೆಸುವ ಆಚರಣೆಯಲ್ಲಿ ಒಬ್ಬರನ್ನು ಮಲಗಿಸಿ ಹೊಟ್ಟೆಯ ಮೇಲೆ ದೊಡ್ಡ ಕಲ್ಲಿಟ್ಟು ಒಡೆಯುತ್ತಾರೆ. ಇದು ಪ್ರವಾಸಿಗರಿಗೆಂದು ಏರ್ಪಡಿಸುವ ಆಟವಲ್ಲ, ‘ನಮಗಾಗಿ ಮಾಡಿಸಿ’ ಎಂದು ಕೇಳಬಾರದು. ಆದರೆ ಗೈಡ್‌ಗೆ ಪರಿಚಯವಿದ್ದರೆ ಬುಚೆನ್ ಮನೆಯೊಂದರಲ್ಲಿ ಚಹಾ ಕುಡಿಯುತ್ತಾ ಮಾತಾಡಬಹುದು. ನಮ್ಮಲ್ಲಿ ಜೋಗತಿಯರ, ಕಂಸಾಳೆಯವರ, ನೀಲಗಾರರ ಹಾಡಿನೊಡನೆ ಬೆಳೆದವರಿಗೆ ಆ ಮಾತು ಬೇಗ ರುಚಿಸುತ್ತದೆ.

ಸ್ಪಿತಿಯ ಮುಖ್ಯ ಊರಾದ ಕಾಜಾದ ಸುತ್ತಲಿನ ಊರುಗಳಿಗೆ ಒಂದೆರಡು ದಿನ ಸಾಕು. ಕೀ ಮಠದ ಅಧಿಪತಿ ಲೋಚೆನ್ ಟುಲ್ಕು, ಅಂದರೆ ಟಾಬೋದಲ್ಲಿ ಹೆಸರು ಕೇಳಿದ ಅದೇ ರಿಂಚೆನ್ ಜಾಂಗ್ಪೋನ ಪುನರವತಾರವೆಂದು ನಂಬಲಾದವರು. ಟಾಬೋ ಮೊದಲು, ಕೀ ಆಮೇಲೆ ಎಂದು ನಾನು ಹೇಳುವುದು ಇದಕ್ಕೇ. ಕೀಯಲ್ಲಿ ನಮಗೆ ಚಹಾ ಕೊಟ್ಟ ಭಿಕ್ಷು ಮುಂಡಗೋಡಿನಲ್ಲಿ ಓದಿದವರು. ಕರ್ನಾಟಕದವರೆಂದು ತಿಳಿದ ಕೂಡಲೇ ‘ಊಟ ಆಯ್ತಾ?’ ಎಂದು ಕನ್ನಡದಲ್ಲೇ ಕೇಳಿದರು. ಹಿಮಾಲಯದ ಹಳ್ಳಿಗಳಿಂದ ಹುಡುಗರು ಮುಂಡಗೋಡು, ಬೈಲಕುಪ್ಪೆಯ ಮಠಗಳಿಗೆ ಓದಲು ಬರುತ್ತಾರೆ, ಹಾಗಾಗಿ ನಿಮ್ಮ ಊರಿನ ಹೆಸರನ್ನು ಹೇಳಲು ಸಂಕೋಚ ಬೇಡ. ಕಿಬ್ಬರ್‌ನಲ್ಲಿ ಇನ್ನೊಂದು ನಂಟಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅಲ್ಲಿಯ ಜನರ ಜೊತೆ ದಶಕಗಳಿಂದ ಹಿಮಚಿರತೆ ಉಳಿಸುವ ಕೆಲಸ ಮಾಡುತ್ತಿದೆ. ಊರವರು ಹುಲ್ಲುಗಾವಲಿನ ಒಂದು ಭಾಗವನ್ನು ಹಿಮಚಿರತೆಯ ಆಹಾರವಾದ ಭರಲ್ ಎಂಬ ಕಾಡಿನ ಕುರಿಗಳಿಗೆ ಬಿಟ್ಟುಕೊಟ್ಟರು, ಚಿರತೆ ಕೊಂದ ದನಗಳಿಗೆ ಪರಿಹಾರ ಸಿಗಲು ತಾವೇ ವಿಮಾ ನಿಧಿ ನಡೆಸುತ್ತಾರೆ. ಊರಿನ ಹಿರಿಯರನ್ನು ಕೇಳಿ, ವಿವರವಾಗಿ ಹೇಳುತ್ತಾರೆ.

ಲಾಂಗ್ಜಾದಲ್ಲಿ ಮಕ್ಕಳು ಶಂಖದಂಥ ಪಳೆಯುಳಿಕೆಗಳನ್ನು ತಂದು ತೋರಿಸುತ್ತಾರೆ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳವು. ಕೈಯಲ್ಲಿ ಹಿಡಿದು ನೋಡಿ, ಕೊಳ್ಳಬೇಡಿ. ಧಂಕರ್ ಸ್ಪಿತಿಯ ಹಳೆಯ ರಾಜಧಾನಿ, ಸವೆದ ಮಣ್ಣಿನ ಶಿಖರಗಳ ನಡುವೆ ನಿಂತ ಹಳೆಯ ಮಠ ಅದ್ಭುತ, ಆದರೆ ಮೆಟ್ಟಿಲುಗಳು ಕಡಿದಾಗಿವೆ, ಅಮ್ಮನ ಮಂಡಿ ನೋಡಿಕೊಂಡು ನಿರ್ಧರಿಸಿ. ಗ್ಯು ಹಳ್ಳಿಯಲ್ಲಿ ಕೂತ ಭಂಗಿಯಲ್ಲೇ ಒಣಗಿ ಉಳಿದ ಸುಮಾರು 500 ವರ್ಷ ಹಿಂದಿನ ಭಿಕ್ಷುವಿನ ದೇಹವಿದೆ. ಊರವರಿಗೆ ಅವರು ಪೂಜ್ಯರು, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಚಂದ್ರತಾಲ್ ಸುಂದರ, ಆದರೆ 4,000 ಮೀಟರಿಗೂ ಮೇಲೆ ಚಳಿಯಲ್ಲಿ ಟೆಂಟಿನ ರಾತ್ರಿ ನಿಮ್ಮ ಹಿರಿಯರಿಗೆ ಬೇಡ.

ಇನ್ನು ದಾರಿ. ಮನಾಲಿಯಿಂದ ಹೋದರೆ ಒಂದೇ ದಿನದಲ್ಲಿ 4,500 ಮೀಟರ್ ಮೀರಿದ ಕುಂಜುಮ್ ಕಣಿವೆದಾರಿ ದಾಟಿ ಕಾಜಾ ಸೇರುತ್ತೀರಿ. ಕಾಜಾವೇ 3,600 ಮೀಟರಿಗೂ ಎತ್ತರದಲ್ಲಿದೆ. ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ, ಮೊದಲ ಎರಡು ದಿನ ತಲೆನೋವು, ವಾಕರಿಕೆಯಲ್ಲೇ ಕಳೆಯುತ್ತವೆ, ಕೆಲವರಿಗೆ ಅಪಾಯವೂ ಆಗುತ್ತದೆ. ಶಿಮ್ಲಾ ಕಡೆಯಿಂದ ಹೋಗಿ. ಸರಾಹನ್, ಕಲ್ಪಾ, ನಾಕೋ, ಟಾಬೋ ಎಂದು ಸ್ವಲ್ಪ ಸ್ವಲ್ಪವಾಗಿ ಎತ್ತರಕ್ಕೆ ಹೊಂದಿಕೊಳ್ಳುತ್ತಾ ಹೋಗಿ, ಕೊನೆಗೆ ಕಾಜಾ. ಕೋಮಿಕ್, ಕಿಬ್ಬರ್ ಕಡೆ ಹಗಲು ಹೋಗಿ ಬನ್ನಿ, ರಾತ್ರಿ ಕೆಳಗಿನ ಊರಿನಲ್ಲಿ ಮಲಗಿ. ಇದಕ್ಕೆಲ್ಲ 10-11 ದಿನ ಬೇಕು. ಅಷ್ಟು ರಜೆ ಸಿಗದಿದ್ದರೆ ಕಾಜಾ ಆಚೆಯದನ್ನು ಬಿಡಿ, ಟಾಬೋ ಮತ್ತು ಪಿನ್ ಉಳಿಸಿಕೊಳ್ಳಿ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಡಾಕ್ಟರ ಒಪ್ಪಿಗೆ ಸಿಕ್ಕಮೇಲೆ ಟಿಕೆಟ್ ಮಾಡಿ. ಭಾರತೀಯರಿಗೆ ಪರ್ಮಿಟ್ ಬೇಕಿಲ್ಲ, ಗುರುತಿನ ಚೀಟಿ ಸಾಕು.

ಗೈಡ್‌ನ ಜೊತೆ ಫೋನಿನಲ್ಲಿ ಮಾತಾಡುವಾಗ ಮೊದಲು ಕೇಳಬೇಕಾದ್ದು ಅವರ ಊರು ಯಾವುದು ಎಂದು. ಆಮೇಲೆ ನಾವು ಯಾರ ಮನೆಯಲ್ಲಿ ಉಳಿಯುತ್ತೇವೆ, ದುಡ್ಡು ಆ ಮನೆಯವರ ಕೈಗೇ ಹೋಗುತ್ತದೆಯೇ ಎಂದು. ತಮ್ಮ ಊರಿನ ಬಗ್ಗೆ ಉತ್ಸಾಹದಿಂದ ಹತ್ತು ನಿಮಿಷ ಮಾತಾಡಿದರೆ ಅವರನ್ನೇ ಗೊತ್ತುಮಾಡಿಕೊಳ್ಳಿ.

ಊಟದ ಬಗ್ಗೆಯೂ ಒಂದು ಮಾತು. ಅಲ್ಲಿಯವರು ಮಾಂಸ ತಿನ್ನುವವರು, ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದರೆ ಬೇಳೆ, ಅನ್ನ, ಆಲೂ, ತರಕಾರಿ ತುಕ್ಪಾ ಪ್ರೀತಿಯಿಂದ ಮಾಡಿ ಬಡಿಸುತ್ತಾರೆ. ಉಪ್ಪು ಹಾಕಿದ ಬೆಣ್ಣೆ ಚಹಾ, ಹುರಿದ ಬಾರ್ಲಿ ಹಿಟ್ಟಿನ ಸಾಂಪಾ ರುಚಿ ನೋಡಲೇಬೇಕು. ಶೌಚಾಲಯದ ವಿಷಯ ಅಮ್ಮನಿಗೆ ಹೊರಡುವ ಮೊದಲೇ ಹೇಳಿಬಿಡಿ. ಹಳೆಯ ಮನೆಗಳಲ್ಲಿ ನೀರಿಲ್ಲದ ಒಣ ಶೌಚಾಲಯ, ಮೇಲೆ ಮಣ್ಣು-ಬೂದಿ ಹಾಕುತ್ತಾರೆ, ಅದೇ ವಸಂತದಲ್ಲಿ ಹೊಲಕ್ಕೆ ಗೊಬ್ಬರ. ಕಮೋಡ್ ಇರುವ ಹೋಮ್‌ಸ್ಟೇಗಳೂ ಈಗ ಸಾಕಷ್ಟಿವೆ, ಮಂಡಿನೋವಿದ್ದರೆ ಅಂಥದ್ದನ್ನೇ ಕೇಳಿ ಪಡೆಯಿರಿ. ಹೋಗುವುದು ಸೆಪ್ಟೆಂಬರಿನ ಮೊದಲ ಭಾಗದಲ್ಲಾದರೆ ಬಾರ್ಲಿ ಕೊಯ್ಲು ನಡೆಯುತ್ತಿರುತ್ತದೆ, ಊರೆಲ್ಲ ಹೊಲದಲ್ಲೇ ಇರುತ್ತದೆ. ತಿಂಗಳ ಕೊನೆಗೆ ರಾತ್ರಿ ನೀರು ಹೆಪ್ಪುಗಟ್ಟಲು ಶುರುವಾಗುತ್ತದೆ, ಆಗ ಅಪ್ಪ-ಅಮ್ಮನಿಗೆ ಉಣ್ಣೆಯ ಒಳಉಡುಪು, ಕಿವಿ ಮುಚ್ಚುವ ಟೋಪಿ, ಬಿಸಿನೀರಿನ ಚೀಲ ಇಟ್ಟುಕೊಳ್ಳಿ.